ಆಲೆಮರದ ಹದಿಮೂರನೇ ಅಕ್ಷರ

ನನ್ನ ಮನೆಯಾಕೆ ಕಮಲಳಿಗೆ,

ಕಾಗದ ಬರೆಯುವ ಕ್ರಮ ನನಗೆ ಗೊತ್ತಿಲ್ಲದ್ದೇನಲ್ಲ. ಬಿ.ಎ. ಓದುವಾಗ ನಮ್ಮ ಇಂಗ್ಲಿಷ್ ಮೇಷ್ಟ್ರು ಬಲಗಡೆ ಮೇಲೆ ಊರು, ಅದರ ಕೆಳಗೆ ತಾರೀಖು, ಎಡಗಡೆ ‘ಡಿಯರ್ ಮೇಡಂ’, ಆಮೇಲೆ ‘ಐ ಬೆಗ್ ಟು ಸ್ಟೇಟ್ ದಟ್’ ಎಂದು ಬೋರ್ಡಿನ ಮೇಲೆ ಬರೆದು ಬಾಯಿಪಾಠ ಮಾಡಿಸಿದ್ದರು. ಆ ‘ದಟ್’ ಆದಮೇಲೆ ಏನು ಬರೆಯಬೇಕು ಅನ್ನುವುದು ಮಾತ್ರ ನನಗೆ ಆಗಲೂ ಹೊಳೆಯುತ್ತಿರಲಿಲ್ಲ. ಊರು ಅದೇ ರಾಮನಗರ, ಮನೆ ಅದೇ, ಮುಂದಿನ ಕೋಣೆಯಲ್ಲಿ ಅದೇ ಪ್ರೆಸ್ಸು. ನೀನು ಹೋಗಿ ಮೂರು ವರ್ಷವಾಯಿತು. ಇಷ್ಟು ದಿನ ಬರೆಯದವನು ಈಗ ಕೂತಿದ್ದೇನೆಂದರೆ ಕಾರಣವಿದೆ. ನಿನಗೆ ನಾನೊಂದು ಸುಳ್ಳು ಹೇಳಿದ್ದೆ. ಹೇಳಿದ್ದೆ ಅನ್ನುವುದಕ್ಕಿಂತ, ನಿಜ ಹೇಳದೆ ಇಪ್ಪತ್ತು ವರ್ಷದ ಮೇಲೆ ಸುಮ್ಮನಿದ್ದೆ. ಅದು ಬಯಲಾದ ಬಗೆಯನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಆ ಮೊಳೆಗಳು ಮನೆಗೆ ಬಂದ ದಿನ ನೀನು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ. ಬೆಂಗಳೂರಿನಲ್ಲಿ ಚರ್ಚಿನ ಕಾಗದಪತ್ರ ಅಚ್ಚು ಹಾಕುತ್ತಿದ್ದ ಹಳೆಯ ಪ್ರೆಸ್ಸೊಂದು ಬಾಗಿಲು ಹಾಕಿತೆಂದು ತಿಳಿದು, ನಾನು ಹೋಗಿ ಎರಡು ಗೋಣಿಚೀಲದಲ್ಲಿ ಇಂಗ್ಲಿಷ್ ಮೊಳೆಗಳನ್ನು ತುಂಬಿಸಿಕೊಂಡು ರೈಲಿನಲ್ಲಿ ತಂದಿದ್ದೆ. ಅಚ್ಚಿನ ಮೊಳೆ ನಿನಗೆ ಹೊಸದಲ್ಲ. ಒಂದೊಂದು ಅಕ್ಷರಕ್ಕೆ ಒಂದೊಂದು ಸೀಸದ ತುಂಡು, ಅದರ ತಲೆಯ ಮೇಲೆ ಅಕ್ಷರ ತಿರುಗುಮುರುಗಾಗಿ ಎದ್ದು ನಿಂತಿರುತ್ತದೆ. ಆದರೆ ಇಂಥ ಅಕ್ಷರವನ್ನು ನೀನು ಕಂಡಿರಲಿಲ್ಲ. ನೆತ್ತಿಗೊಂದು ಮುಳ್ಳು, ಪಾದಕ್ಕೊಂದು ಮುಳ್ಳು, ದೊಡ್ಡಕ್ಷರಗಳ ಹೊಟ್ಟೆಯೊಳಗೆ ಸಣ್ಣದೊಂದು ಬಳ್ಳಿ. ಒಂದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದೆ.

“ಇದೇನೂಂದ್ರೆ, ಅಕ್ಷರಕ್ಕೆಲ್ಲ ಮುಳ್ಳು ಬಂದ್ಬುಟ್ಟೈತೆ.”

“ಇದಕ್ಕೆ ಗಾಥಿಕ್ ಅಂತಾರೆ ಕಣೇ.”

“ಗಾಥಿಕ್ಕು ಅಂದ್ರೆ?”

ಕಾಲೇಜಿನಲ್ಲಿ ಕೇಳಿದ್ದು ಅರ್ಧಂಬರ್ಧ ನೆನಪಿತ್ತು. ಗಾಥಿಕ್ ಅಂದರೆ ಪಾಳುಬಿದ್ದ ಕೋಟೆ, ಗುಡುಗು, ಮೇಣದಬತ್ತಿ ಹಿಡಿದುಕೊಂಡು ಓಡಾಡುವ ಸತ್ತ ಹೆಂಗಸು ಎಂದು ಹೇಳಿಬಿಟ್ಟೆ. ನೀನು ಮೊಳೆಯನ್ನು ತಟ್ಟನೆ ಚೀಲಕ್ಕೆ ಹಾಕಿ ಕೈಯನ್ನು ಸೆರಗಿಗೆ ಒರೆಸಿಕೊಂಡೆ.

“ದೆವ್ವದಕ್ಷರಾನ ಮದ್ವೆ ಕಾಗ್ದಕ್ಕೆ ಹಾಕ್ತೀರಾ?”

“ದೊಡ್ಡ ದೊಡ್ಡ ಇಂಗ್ಲಿಷ್ ಪೇಪರಿನ ಹೆಸರಿಗೆ ಇದನ್ನೇ ಹಾಕೋದು. ಡಿಗ್ರಿ ಸರ್ಟಿಫಿಕೇಟಿಗೂ ಇದೇ.”

“ನಿಮ್ ಸರ್ಟಿಫಿಕೇಟ್ನಾಗೂ ಐತಾ?”

“ಇದೆ.”

“ಅದ್ಕೇ ಮತ್ತೆ, ನಿಮ್ಗೊಂದು ಗೌರ್ಮೆಂಟ್ ಕೆಲ್ಸ ಸಿಗ್ನಿಲ್ಲ.”

ಅಂದಿನಿಂದ ಅದಕ್ಕೆ ಗಾಥಿಕ್ ಅನ್ನುವ ಹೆಸರು ನಮ್ಮ ಮನೆಯಲ್ಲಿ ನಿಲ್ಲಲಿಲ್ಲ. ನೀನಿಟ್ಟ ಮುಳ್ಳಕ್ಷರ ಅನ್ನುವ ಹೆಸರೇ ಗಿರಾಕಿಗಳ ಬಾಯಿಗೂ ಹೋಯಿತು.

ಅಕ್ಕೂರಿನಿಂದ ಬರುತ್ತಿದ್ದ ಆ ಮೀಸೆಯ ಯಜಮಾನರು ನೆನಪಿದ್ದಾರೆಯೇ? ರೇಷ್ಮೆಗೂಡು ಹಾಕಲು ಮಾರುಕಟ್ಟೆಗೆ ಬಂದವರು ಹಾಗೇ ನಮ್ಮ ಪ್ರೆಸ್ಸಿಗೆ ನುಗ್ಗಿ, “ಆ ಮುಳ್ಳಕ್ಷರ್‍ದಾಗೆ ಹಾಕ್ಬುಡಪ್ಪ ನನ್ ಮಗಳ ಹೆಸ್ರ. ಓದಕ್ಕಾಗ್ದಿದ್ರೂ ಪರ್ವಾಗಿಲ್ಲ, ನೋಡ್ತಿದ್ದಂಗೆ ಗೊತ್ತಾಗ್ಬೇಕು, ದೊಡ್ ಮದ್ವೆ ಅಂತ” ಎಂದಿದ್ದರು. ಅವರು ಹೇಳಿದ್ದೇ ಆ ಅಕ್ಷರದ ಸರಿಯಾದ ಉಪಯೋಗ. ಓದುವ ಅಕ್ಷರವಲ್ಲ ಅದು, ನೋಡುವ ಅಕ್ಷರ. ಮೊದಮೊದಲು ಗೊತ್ತಿಲ್ಲದೆ ಇಡೀ ಆಹ್ವಾನವನ್ನೇ ಅದರಲ್ಲಿ ಜೋಡಿಸಿ ನೋಡಿದ್ದೆ. ಕಾರ್ಡಿನ ತುಂಬಾ ಕಳ್ಳಿಬೇಲಿ ಹಾಕಿದ ಹಾಗಾಗಿತ್ತು. ಆಮೇಲೆ ಕಲಿತೆ. ಕಾರ್ಡಿನ ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ಇಂಗ್ಲಿಷು, ಅದರಲ್ಲಿ ಗಂಡಿನ ಹೆಸರು, ಹೆಣ್ಣಿನ ಹೆಸರು, ಮದುವೆಯ ಊರು ಮಾತ್ರ ಮುಳ್ಳಕ್ಷರ. ಸುತ್ತ ಜಾಗ ಬಿಟ್ಟರೇ ಅದಕ್ಕೆ ಕಳೆ.

ಮೊದಲ ಲಗ್ನದ ಕಾಲದಲ್ಲೇ ತಾಪತ್ರಯ ಶುರುವಾದದ್ದು ನಿನಗೆ ಮರೆತಿರಲಾರದು. ಇಂಗ್ಲಿಷಿನವರು ಮಾಡಿದ ಮೊಳೆ, ಅವರ ಭಾಷೆಗೆ ಬೇಕಾದ ಲೆಕ್ಕದಲ್ಲಿ ಅಕ್ಷರ ಕೊಟ್ಟಿದ್ದರು. ಚೀಲದಲ್ಲಿದ್ದ ಸಣ್ಣ ‘ಎ’ಗಳು ಎಂಟೇ ಎಂಟು. ನಮ್ಮ ಊರು, ನಮ್ಮ ಹೆಸರು ಇಂಗ್ಲಿಷಿನಲ್ಲಿ ಬರೆದರೆ ಬರೀ ‘ಎ’. ರಾಮನಗರಕ್ಕೇ ಐದು ಬೇಕು. ಚನ್ನಪಟ್ಟಣಕ್ಕೆ ನಾಲ್ಕು, ಕನಕಪುರಕ್ಕೆ ನಾಲ್ಕು. ಮಾಗಡಿಯವರು ಬಂದರೆ ನನಗೆ ಸಂತೋಷ, ಎರಡರಲ್ಲಿ ಮುಗಿಯುತ್ತಿತ್ತು. ಊರು ಜೋಡಿಸಿದ ಮೇಲೆ ಗಂಡಿನ ಹೆಸರಿಗೆ ಮೂರು ಉಳಿಯುತ್ತಿತ್ತು, ಹೆಣ್ಣಿನ ಹೆಸರಿಗೆ ಏನೂ ಇಲ್ಲ. ನಾಗರತ್ನ ಅನ್ನುವ ಹುಡುಗಿಯನ್ನು ಬರೀ ಮುಳ್ಳುಗಳಾಗಿ ಹೇಗೆ ಅಚ್ಚು ಹಾಕಲಿ? ಅದಕ್ಕೇ ಒಂದು ಉಪಾಯ ಮಾಡಿದ್ದೆ. ‘ಎ’ ಇಲ್ಲದ ಕಡೆ ಖಾಲಿ ಬಿಟ್ಟು ಒಂದು ಸಲ ಹೊಡೆಯುವುದು, ಆಮೇಲೆ ಅದೇ ‘ಎ’ಗಳನ್ನು ಕಿತ್ತು ಆ ಖಾಲಿ ಜಾಗಕ್ಕೆ ಕೂರಿಸಿ, ಅದೇ ಕಾರ್ಡನ್ನು ಇನ್ನೊಂದು ಸಲ ಹೊಡೆಯುವುದು. ಕಾಲಿನಲ್ಲಿ ತುಳಿಯುವ ಯಂತ್ರ. ಐನೂರು ಕಾರ್ಡಿಗೆ ಸಾವಿರ ತುಳಿತ. ಸಂಜೆಗೆ ನನ್ನ ಬಲಗಾಲಿನ ಮೀನಖಂಡ ಕಲ್ಲಾಗಿರುತ್ತಿತ್ತು. ನೀನು ಬಿಸಿ ಹರಳೆಣ್ಣೆ ಹಚ್ಚುತ್ತಾ ಒಂದು ದಿನ ಕೇಳಿದೆ: “ಆ ಒಂದಕ್ಷರ ಸಾಲ್ದೇ ಇರಾದ್ಕೆ ಇಷ್ಟೆಲ್ಲಾನಾ?”

ಮಾರನೆಯ ವಾರ ನೀನು ಚನ್ನಪಟ್ಟಣಕ್ಕೆ ಹೊರಟಾಗ ತವರಿನ ಆಸೆ ಅಂದುಕೊಂಡೆ. ಹೋಗುವಾಗ ಸೀಸದ ಒಂದು ‘ಎ’ಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೋಗಿದ್ದೀಯೆಂದು ನನಗೇನು ಗೊತ್ತು? ನಿನ್ನ ಅಪ್ಪ ಬೊಂಬೆ ಕಡೆಯುವವರು. ಆಲೆಮರ, ಅರಗು, ಉಳಿ ಇವುಗಳ ನಡುವೆ ಬೆಳೆದವಳು ನೀನು. ಹತ್ತು ದಿನ ಬಿಟ್ಟು ಬಂದವಳು ಗಂಟು ಬಿಚ್ಚಿದೆ, ಹನ್ನೆರಡು ‘ಎ’. ಆಲೆಮರದ ಬೆಳ್ಳನೆಯ ತುಂಡಿನ ಮೇಲೆ ಸೀಸದ ಅಕ್ಷರವನ್ನು ಇದ್ದ ಹಾಗೇ, ತಿರುಗುಮುರುಗಾಗಿ, ಮುಳ್ಳಿಗೆ ಮುಳ್ಳು ಸಮನಾಗಿ ಕೆತ್ತಿದ್ದೆ. ಅಡಿಗೆ ಕಾಗದ ಅಂಟಿಸಿ ಎತ್ತರವನ್ನೂ ಸರಿಮಾಡಿದ್ದೆ. ಇಂಗ್ಲಿಷಿನ ಒಂದಕ್ಷರ ಓದಲು ಬಾರದವಳು. ಅಚ್ಚು ಹಾಕಿದ ಮೇಲೆ ಕಾರ್ಡು ನೋಡಿ ನಿನಗೇ ಗುರುತು ಸಿಗಲಿಲ್ಲ. “ನಾನ್ ಕೆತ್ತಿದ್ದು ಆ ಕಡೀಕೆ ನೋಡ್ತಿತ್ತು, ಇದ್ ಈ ಕಡೀಕೆ ನೋಡ್ತೈತೆ” ಅಂದೆ. ನಿನ್ನ ಅಪ್ಪನಿಗೆ ಮಾತ್ರ ಆ ಕೆಲಸ ಹಿಡಿಸಿರಲಿಲ್ಲವಂತೆ. “ಏನ್ ಮಗಾ ಇದು, ಇಷ್ಟ್ ಚೂಪು ಮಾಡಿದ್ದೀಯೆ, ಮಕ್ಳು ಬಾಯ್ಗಾಕಂಡ್ರೆ?” ಎಂದು ಕೇಳಿದ್ದರೆಂದು ಹೇಳಿ ನೀನು ನಕ್ಕಿದ್ದೆ.

ಆ ಒಂದು ಲಗ್ನದ ಕಾಲ ನನ್ನ ಕಾಲು ಬದುಕಿತು. ನಿನ್ನ ಸಂಭ್ರಮವನ್ನು ಹೇಳಬೇಕೆ? ಪ್ರತಿ ಮದುವೆಯ ಮೊದಲ ಕಾರ್ಡಿನ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ ದೇವರ ಮುಂದೆ ಇಡುವುದು ನಿನ್ನ ಪಾಲಿನ ಕೆಲಸ. ಅರಿಶಿನದ ಬೆರಳಿನಲ್ಲೇ ‘ಎ’ ಹುಡುಕುತ್ತಿದ್ದೆ. “ಇದು ನಂದು, ಇದು ನಂದು, ಇದೂ ನಂದು.” ಅದರಲ್ಲಿ ಕೆಲವು ಸೀಸದವೂ ಇರುತ್ತಿದ್ದವು. ನಾನು ತಿದ್ದುತ್ತಿರಲಿಲ್ಲ.

ಕಲ್ಯ ಊರಿನ ಗೌಡರು ಕಾರ್ಡಿನ ಕಟ್ಟನ್ನು ನನ್ನ ಮೇಜಿನ ಮೇಲೆ ಎತ್ತಿ ಹಾಕಿದ ಆ ಬೆಳಗ್ಗೆ ನೀನು ಒಳಗೆ ಕಾಫಿ ಸೋಸುತ್ತಿದ್ದೆ. “ಏನಯ್ಯಾ ಇದು, ನನ್ ಮಗನ ಹೆಸ್ರಿಗೆ ಹುಳ ಬಿದ್ದಂಗೈತೆ. ಒಂದಕ್ಷರ ಐತೆ, ಒಂದಕ್ಷರ ಇಲ್ಲ. ರಾಗಿ ಹೊಲ್ದಾಗೆ ಪೈರು ತಪ್ಪಿರಂಗೆ.” ಕಾರ್ಡು ತೆಗೆದು ನೋಡಿದೆ. ಸೀಸದ ‘ಎ’ಗಳು ಕಪ್ಪಗೆ ನಿಂತಿದ್ದವು, ಮರದ ‘ಎ’ಗಳು ಬೂದಿ. ತೊಳೆದು ತೊಳೆದು ಆಲೆಮರ ಬಾಯಿ ಬಿಟ್ಟಿತ್ತು. ಹಚ್ಚಿದ ಮಸಿಯನ್ನೆಲ್ಲ ತಾನೇ ಕುಡಿದು ಕಾಗದಕ್ಕೆ ಏನೂ ಬಿಡುತ್ತಿರಲಿಲ್ಲ. ಎರಡು ಮೂರು ಮುಳ್ಳಿನ ತುದಿಗಳೂ ಮುರಿದಿದ್ದವು. ನಾನು ಗೌಡರಿಗೆ, “ಮಸಿ ಸರಿಯಾಗಿ ಬಿದ್ದಿಲ್ಲ ಗೌಡ್ರೆ, ಬೇರೆ ಹಾಕಿ ಕೊಡ್ತೀನಿ” ಎಂದೆ. ಮರದ ಅಕ್ಷರ ಅನ್ನಲಿಲ್ಲ, ಹೆಂಡತಿ ಕೆತ್ತಿದ್ದು ಅನ್ನಲಿಲ್ಲ. ನಿನ್ನ ಮರ್ಯಾದೆ ಉಳಿಸಿದೆ ಅಂದುಕೊಂಡೆ. ಅಥವಾ ನನ್ನದನ್ನೋ… ಈಗ ಯಾರಿಗೆ ಗೊತ್ತು? ನೀನು ಕಾಫಿ ತಂದು ಕೊಟ್ಟೆ. ನಿನ್ನ ಮುಖ ನೋಡಿದೆ. ಏನೂ ಗೊತ್ತಾಗಲಿಲ್ಲ.

ಆ ವಾರವೇ ಮೈಸೂರಿಗೆ ಹೋಗಿದ್ದು ಕಾಗದ ತರಲು ಎಂದು ನಿನಗೆ ಹೇಳಿದ್ದೆ. ಅಲ್ಲಿನ ಹಳೆಯ ಪ್ರೆಸ್ಸೊಂದರಲ್ಲಿ ಇದೇ ಮುಳ್ಳಕ್ಷರ ಇದೆಯೆಂದು ಕೇಳಿ ತಿಳಿದು, ಒಂದು ಹಿಡಿ ಸೀಸದ ‘ಎ’ ಬೇಡಿ ತಂದೆ. ನಿನ್ನ ಹನ್ನೆರಡನ್ನು ಬಿಸ್ಕತ್ತಿನ ತಗಡಿನ ಡಬ್ಬಿಗೆ ಹಾಕಿ, ಪ್ರೆಸ್ಸಿನ ಅಟ್ಟದ ಮೇಲೆ, ಹಳೆಯ ಕ್ಯಾಲೆಂಡರ್ ಕಟ್ಟುಗಳ ಹಿಂದೆ ಇಟ್ಟೆ. ಮೊಳೆ ತೊಳೆಯುವುದು ಆವರೆಗೂ ನಿನ್ನ ಕೆಲಸ. ತೊಳೆಯಲು ಕೂತರೆ ಮರ ಯಾವುದು ಸೀಸ ಯಾವುದು ಅಂತ ಬೆರಳಿಗೇ ತಿಳಿದುಬಿಡುತ್ತದಲ್ಲ. ಅದಕ್ಕೇ ಅಂದಿನಿಂದ ನಾನೇ ಸೀಮೆಎಣ್ಣೆ ಬಟ್ಟಲು ಹಿಡಿದು ಕೂತೆ. “ನಿನಗೆ ಆ ವಾಸನೆಗೆ ತಲೆ ನೋಯುತ್ತೆ” ಎಂದೆ. ನೀನು ಒಂದು ಕ್ಷಣ ನನ್ನನ್ನೇ ನೋಡಿ, “ಆಯ್ತು ಬುಡಿ” ಎಂದು ಒಳಗೆ ಹೋದೆ. ಆಮೇಲೂ ಅರಿಶಿನದ ಬೆರಳು ಕಾರ್ಡಿನ ಮೇಲೆ ಓಡುತ್ತಿತ್ತು. ಇದು ನಂದು, ಇದು ನಂದು. ನಾನು ಹೂಂ ಅನ್ನುತ್ತಿದ್ದೆ. ಪ್ರತಿ ಮದುವೆಗೂ ಒಂದು ಹೂಂ. ಎಷ್ಟು ಮದುವೆಗಳಾದವು ಕಮಲಾ.

ಮೊನ್ನೆ ಬೇಸಿಗೆಯಲ್ಲಿ ಒಂದು ಹುಡುಗಿ ಬಾಗಿಲಲ್ಲಿ ನಿಂತು, “ಅಂಕಲ್, ಇದು ನಿಮ್ ಪ್ರೆಸ್ಸಿಂದಾ?” ಎಂದು ಒಂದು ಹಳೆಯ ಕಾರ್ಡು ಚಾಚಿದಳು. ನಮ್ಮದೇ. ಅಕ್ಕೂರಿನ ಮೀಸೆಯ ಯಜಮಾನರಿಗೆ ಇಬ್ಬರು ಹೆಣ್ಣುಮಕ್ಕಳಲ್ಲವೆ, ಕಿರಿಯವಳ ಮದುವೆಯದು. ಬಂದವಳು ಅವಳ ಮಗಳು, ಚೈತ್ರ ಅಂತ. ಈಗ ಕಂಪ್ಯೂಟರಿಗೆ ಬೇಕಾದ ಅಕ್ಷರಗಳನ್ನು ಬರೆಯುವುದೇ ಒಂದು ಕಸುಬಂತೆ. ಈ ಹುಡುಗಿ ಅದನ್ನು ಓದಿಕೊಂಡಿದ್ದಾಳೆ. ಅಜ್ಜಿಯ ಟ್ರಂಕಿನಲ್ಲಿ ಸಿಕ್ಕ ಅಮ್ಮನ ಮದುವೆ ಕಾರ್ಡಿನ ಅಕ್ಷರಕ್ಕೆ ಮನಸೋತು, ಅದನ್ನು ಪೂರ್ತಿ ಕಂಪ್ಯೂಟರಿಗೆ ತರಬೇಕೆಂದು ಹುಡುಕಿಕೊಂಡು ಬಂದಿದ್ದಳು. ಪೆಟ್ಟಿಗೆಗಳನ್ನೆಲ್ಲ ತೆಗೆದು ತೋರಿಸಿದೆ. ಸತ್ತೇ ಹೋಗಿದ್ದ ಉತ್ಸಾಹ ಎಲ್ಲಿತ್ತೋ, ಒಂದೊಂದು ಮೊಳೆಯ ಕತೆಯನ್ನೂ ಹೇಳಿದೆ. ಕಾರ್ಡಿನ ಮೇಲೆ ಬೆರಳಿಟ್ಟು, “ಈ ಸಣ್ಣ ‘ಎ’ ನೋಡಮ್ಮ, ಇದನ್ನು ನಮ್ಮ ಮನೆಯವಳು ಆಲೆಮರದಲ್ಲಿ ಕೆತ್ತಿದ್ದು” ಎಂದೆ. ಬಾಯಿ ತಪ್ಪಿ ಬಂದದ್ದಲ್ಲ, ಬಾಯಿಗೆ ರೂಢಿಯಾದದ್ದು. ಆ ಕಾರ್ಡು ಕಲ್ಯದ ಗೌಡರ ನಂತರದ್ದು. ಅದರಲ್ಲಿದ್ದದ್ದೆಲ್ಲ ಸೀಸ.

ಎರಡು ತಿಂಗಳು ಬಿಟ್ಟು ಒಂದು ಭಾನುವಾರ ಬೆಳಗ್ಗೆ ಆ ಹುಡುಗಿ ಮತ್ತೆ ಬಂದಳು. ಹಾರೋಹಳ್ಳಿಯ ಕಾರ್ಖಾನೆಗೆ ರಜೆ, ಕೆಲಸಕ್ಕೆ ಹೋಗದೆ ನಮ್ಮ ಮಗಳು ರೇಖಾ ಮನೆಯಲ್ಲೇ ಇದ್ದಳು. ಚೈತ್ರ ದೊಡ್ಡ ಹಾಳೆಯೊಂದನ್ನು ಬಿಡಿಸಿ ಮೇಜಿನ ಮೇಲೆ ಹಾಸಿದಳು. ಅದರ ತುಂಬಾ ನಮ್ಮ ಮುಳ್ಳಕ್ಷರ, ಗೇಣುದ್ದ ಒಂದೊಂದು. ಕೆಳಗೆ ಕನ್ನಡದಲ್ಲಿ ಒಂದು ಸಾಲು: ಇದರ ಸಣ್ಣ ‘ಎ’ ರಾಮನಗರದ ಕಮಲ ಅವರು ಮರದಲ್ಲಿ ಕೆತ್ತಿದ್ದು. “ಇದು ಎಲ್ಲಾ ಕಡೆ ಹೋಗ್ತದೆ ಅಂಕಲ್. ಯಾರು ಈ ಅಕ್ಷರ ತಗೊಂಡ್ರೂ ಆಂಟಿ ಹೆಸ್ರು ಜೊತೆಗಿರ್ತದೆ. ಮುಂದಿನ್ ವಾರ ಇಂಟರ್ನೆಟ್ಟಿಗೆ ಕಳಿಸ್ಬುಡ್ತೀನಿ. ನಿಮ್ಗೆ ಒಪ್ಗೆ ತಾನೆ?”

ನಿನ್ನ ಹೆಸರನ್ನು ಅಚ್ಚಿನಲ್ಲಿ ನಾನು ಕಂಡದ್ದು ಅದು ಮೂರನೆಯ ಸಲ. ಒಂದು ನಮ್ಮ ಮದುವೆ ಕಾಗದ, ಇನ್ನೊಂದು ನಿನ್ನ ತಿಥಿಯದು. ಈಗ ಇದು. ಇದೊಂದರಲ್ಲಿ ಮಾತ್ರ ಬರೆದದ್ದು ಸುಳ್ಳು. ಹೂಂ ಅಂದುಬಿಟ್ಟಿದ್ದರೆ ಮುಗಿದಿತ್ತು. ನಿನಗೆ ಅಷ್ಟು ಸಲ ಅಂದವನಿಗೆ ಇನ್ನೊಂದು ಕಷ್ಟವೆ? ಆದರೆ ನಿನಗೆ ಹೇಳಿದ ಸುಳ್ಳು ನಮ್ಮಿಬ್ಬರ ಮಧ್ಯೆ ಇತ್ತು. ಇದು ನಾನೂ ಹೋದಮೇಲೆ ಉಳಿಯುವಂಥದು. ಬೇರೆ ಯಾರೋ ಎರಕ ಹೊಯ್ದ ಅಕ್ಷರಕ್ಕೆ ನಿನ್ನ ಹೆಸರು ಅಂಟಿಸಿ, ನೀನು ನಿಜವಾಗಿ ಕೆತ್ತಿದ್ದನ್ನು ಅಟ್ಟದ ಮೇಲೇ ಬಿಟ್ಟು…

“ಆ ಸಾಲು ತೆಗೆದುಬಿಡಮ್ಮ” ಎಂದೆ. “ಅದು ಅವಳು ಕೆತ್ತಿದ್ದಲ್ಲ.”

ಚೈತ್ರ ಹಾಳೆಯ ಮೇಲಿನ ಕೈ ತೆಗೆಯಲಿಲ್ಲ. ನಾನು ಕಲ್ಯದ ಗೌಡರಿಂದ ಹಿಡಿದು ಮೈಸೂರಿನವರೆಗೆ ಎಲ್ಲಾ ಹೇಳಿದೆ. ಬಾಗಿಲಿಗೆ ಒರಗಿ ನಿಂತಿದ್ದ ನಿನ್ನ ಮಗಳು ಕೇಳಿದಳು: “ಅವ್ವಂಗೆ ಸುಳ್ಳು ಹೇಳಿದ್ದು ಸಾಲ್ದು ಅಂತ ಈ ಹುಡ್ಗೀಗೂ ಹೇಳಿದ್ಯಾ ಅಪ್ಪಾ?”

“ನಿಮ್ಮವ್ವನಿಗೆ ಬೇಜಾರಾಗಬಾರದು ಅಂತ…”

“ಅವ್ವಂಗೆ ಗೊತ್ತಿರ್ನಿಲ್ಲ ಅಂತ ಅಂದ್ಕಂಡಿದ್ದೀಯಾ?”

“ಹೇಗೆ ಗೊತ್ತಾಗುತ್ತೆ?”

“ಉಂಡ್ ತಟ್ಟೆ ಎತ್ತಿಕ್ದೋನಲ್ಲ ನೀನು. ಇದ್ದಕ್ಕಿದ್ದಂಗೆ ಒಂದಿನ ಮೊಳೆ ತೊಳ್ಯಕ್ ಕೂತ್ರೆ ಯಾವ ಹೆಂಡ್ತಿಗೆ ಗೊತ್ತಾಗಕಿಲ್ಲ ಹೇಳು.”

ಚೈತ್ರಳಿಗೆ ನಗು ಬಂತು, ತಡೆದುಕೊಂಡಳು. ನನಗೆ ಬರಲಿಲ್ಲ. ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ನನಗೆ ಆ ಯೋಚನೆ ಬಂದಿರಲಿಲ್ಲವಲ್ಲ. ಗೊತ್ತಿದ್ದೂ ನೀನು ಬೆರಳಿಟ್ಟು ‘ಇದು ನಂದು’ ಅನ್ನುತ್ತಿದ್ದೆಯೇ? ಹಾಗಾದರೆ ಅದು ಹೇಳುತ್ತಿದ್ದದ್ದೋ, ಕೇಳುತ್ತಿದ್ದದ್ದೋ?

ರೇಖಾ ಏಣಿ ಹತ್ತಿ ಆ ಡಬ್ಬಿಯನ್ನು ಕೆಳಗಿಳಿಸಿದಾಗ ನಾನು ಮೊದಲು ಗುರುತಿಸಲಿಲ್ಲ. ಮುಚ್ಚಳದ ಮೇಲೆ ಕುಂಕುಮ. ಒಂದು ಬೊಟ್ಟಲ್ಲ, ಬೊಟ್ಟಿನ ಮೇಲೆ ಬೊಟ್ಟು, ಒಣಗಿ ಕಪ್ಪಾದದ್ದರ ಮೇಲೆ ಇನ್ನೊಂದು, ಉಗುರಿನ ದಪ್ಪಕ್ಕೆ ಹೆಪ್ಪುಗಟ್ಟಿ ಕೂತಿತ್ತು. ಪ್ರತಿ ಆಯುಧಪೂಜೆಗೆ ನೀನು ಪ್ರೆಸ್ಸಿನ ಎಲ್ಲದಕ್ಕೂ ಕುಂಕುಮ ಇಡುತ್ತಿದ್ದೆ. ಯಂತ್ರಕ್ಕೆ, ಕತ್ತರಿಗೆ, ಮೊಳೆಯ ಪೆಟ್ಟಿಗೆಗೆ. ಆಮೇಲೆ ಏಣಿ ಹಾಕಿ ಅಟ್ಟವನ್ನೂ ಹತ್ತುತ್ತಿದ್ದೆ. “ಅಟ್ಟಕ್ಯಾಕೆ ಪೂಜೆ” ಎಂದು ನಾನು ಕೆಳಗಿನಿಂದ ತಮಾಷೆ ಮಾಡುತ್ತಿದ್ದೆ. “ಅಲ್ಲೂ ಒಸಿ ಇದಾವೆ” ಎನ್ನುತ್ತಿದ್ದೆ ನೀನು. ಏನು ಇದಾವೆ ಎಂದು ಒಂದು ವರ್ಷವಾದರೂ ಕೇಳಬಾರದಿತ್ತೆ ನಾನು?

ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿ ಎಣಿಸಿದೆ. ಹದಿಮೂರು. ಮತ್ತೆ ಎಣಿಸಿದೆ, ಹದಿಮೂರೇ. ಹನ್ನೆರಡು ಮಸಿ ಕುಡಿದು ಕಪ್ಪಾದವು. ಒಂದು ಮಾತ್ರ ಹಳೆಯ ಜರಿಸೀರೆಯ ಚೂರಿನಲ್ಲಿ ಸುತ್ತಿತ್ತು. ಬಿಚ್ಚಿದರೆ ಕೆಂಪು. ಅಕ್ಷರದ ಮುಖಕ್ಕೆ ಬೊಂಬೆಗೆ ಹಾಕುವ ಹಾಗೆ ನೀನು ಕೆಂಪು ಅರಗು ಹಾಕಿ, ತಾಳೆಗರಿಯಲ್ಲಿ ಉಜ್ಜಿ ಹೊಳಪು ಕೊಟ್ಟಿದ್ದೆ. ಮರವನ್ನೂ ಈ ಸಲ ಉದ್ದಕ್ಕೆ ಸೀಳಿರಲಿಲ್ಲ, ಕೊಂಬೆಯನ್ನು ಅಡ್ಡಕ್ಕೆ ಕೊಯ್ದ ಗಟ್ಟಿ ಮುಖದ ಮೇಲೆ ಕೆತ್ತಿದ್ದೆ. ಗೌಡರು ಹೇಳಿದ್ದು ನಿನಗೆ ಕೇಳಿಸಿತ್ತು. ಹುಳ ಬಿದ್ದ ಹೆಸರು, ಪೈರು ತಪ್ಪಿದ ಹೊಲ, ಎಲ್ಲವೂ ಕೇಳಿಸಿತ್ತು. ನೀನು ಬೇಜಾರು ಮಾಡಿಕೊಂಡು ಕೂರಲಿಲ್ಲ. ಮರ ಮಸಿ ಕುಡಿಯುತ್ತದೆಯೇ, ಹಾಗಾದರೆ ಕುಡಿಯದ ಹಾಗೆ ಅರಗು ಹಾಕಿದರಾಯಿತು ಎಂದು ಇನ್ನೊಂದು ಮಾಡಿದೆ. ನಿನ್ನ ಅಪ್ಪನಿಗೆ ಹುಷಾರಿಲ್ಲದಾಗ ಒಂದು ತಿಂಗಳು ತವರಿನಲ್ಲಿದ್ದೆಯಲ್ಲ, ಆಗ ಇರಬೇಕು. ತಂದು ನನ್ನ ಕೈಗೆ ಯಾಕೆ ಕೊಡಲಿಲ್ಲ? ಕೊಟ್ಟರೆ ನನ್ನ ಸುಳ್ಳು ಬಿಚ್ಚಿಕೊಳ್ಳುತ್ತದೆ ಅಂತಲೇ? ಇವರೇ ಒಂದು ದಿನ ಡಬ್ಬಿ ತೆಗೆಯಲಿ, ತೆಗೆದರೆ ಸಿಗಲಿ ಎಂದು ನಾನು ಬಚ್ಚಿಟ್ಟ ಜಾಗದಲ್ಲೇ ನೀನು ಇಟ್ಟೆ. ನಾನು ತೆಗೆಯಲೇ ಇಲ್ಲ.

ಚೈತ್ರ ಆ ಕೆಂಪು ಅಕ್ಷರವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಸೀಸದ ‘ಎ’ಯನ್ನು ಪಕ್ಕಕ್ಕೆ ಇಟ್ಟುಕೊಂಡು ಮತ್ತೆ ನೋಡಿದಳು. “ಅಂಕಲ್, ಇದು ಕಾಪಿ ಅಲ್ಲ” ಎಂದಳು. “ಆಂಟಿ ಮುಳ್ಳೆಲ್ಲಾ ಒಸಿ ಮೊಂಡು ಮಾಡವ್ರೆ. ಹೊಟ್ಟೇನೂ ದುಂಡ್ಗೆ ತುಂಬ್ಸವ್ರೆ. ಮುಟ್ಟಿ ನೋಡಿ.” ಮುಟ್ಟಿದೆ. ಬೆರಳಿಗೆ ಎಲ್ಲೂ ಚುಚ್ಚಲಿಲ್ಲ. ಮಗು ಬಾಯಿಗೆ ಹಾಕಿಕೊಂಡರೂ ಏನೂ ಆಗದ ಮುಳ್ಳು. ನಿನ್ನ ಅಪ್ಪನ ಮಾತನ್ನು ನೀನು ನಕ್ಕು ಬಿಟ್ಟಿದ್ದೆ ಅಂದುಕೊಂಡಿದ್ದೆ ನಾನು. ತುದಿ ಮೊಂಡಾದರೆ ಮುರಿಯುವುದೂ ಇಲ್ಲ ಎನ್ನುವುದು ನನಗೆ ಆಗ ಹೊಳೆಯಿತು. ಕಾಲೇಜಿನಲ್ಲಿ ಗಾಥಿಕ್ ಓದಿದವನು ನಾನು. ಆ ಅಕ್ಷರದ ತಪ್ಪನ್ನು ಕಂಡುಹಿಡಿದು ತಿದ್ದಿದವಳು ನೀನು.

ಅದಕ್ಕೆ ಮಸಿ ಹಚ್ಚಲು ನನಗೆ ಕೈ ಬರಲಿಲ್ಲ. ಅಷ್ಟು ಚೆಂದದ ಕೆಂಪು. ರೇಖಾಳೇ, “ಅದನ್ನ ಮಾಡಿರಾದು ಯಾಕೆ ಮತ್ತೆ, ನೋಡ್ಕಂಡು ಕೂರಾಕಾ?” ಎಂದು ನನ್ನ ಕೈಗೆ ಮಸಿಯ ತಟ್ಟೆ ಕೊಟ್ಟಳು. ಬೆರಳಿನಲ್ಲಿ ತೆಳ್ಳಗೆ ಹಚ್ಚಿ ಕಾಗದದ ಮೇಲೆ ಒತ್ತಿದೆ. ಎತ್ತಿದರೆ ಒಂದು ‘ಎ’, ಅಂಚಿನಿಂದ ಅಂಚಿಗೆ ಕಾಡಿಗೆಯ ಕಪ್ಪು. ಎಲ್ಲೂ ಬೂದಿಯಿಲ್ಲ, ಎಲ್ಲೂ ತೂತಿಲ್ಲ. ಕಲ್ಯದ ಗೌಡರು ಇದ್ದಿದ್ದರೆ ಕರೆದು ತೋರಿಸುತ್ತಿದ್ದೆ. ಅವರೂ ಈಗ ನಿನ್ನ ಕಡೆಯವರೇ. ಅಲ್ಲೆಲ್ಲಾದರೂ ಸಿಕ್ಕರೆ ನೀನೇ ಹೇಳಿಬಿಡು.

ಚೈತ್ರ ಹಾಳೆಯನ್ನು ಸುತ್ತಿಕೊಂಡು ಎದ್ದವಳು, “ಮುಂದಿನ್ ವಾರ ಕಳ್ಸಕ್ಕಾಗಲ್ಲ ಅಂಕಲ್, ಎಲ್ಲಾ ಮತ್ತೆ ಬರೀಬೇಕು” ಎಂದಳು. ನನ್ನಿಂದ ಅವಳ ಕೆಲಸ ಕೆಟ್ಟಿತೆಂದು ಕ್ಷಮೆ ಕೇಳಲು ಹೋದೆ. ಅವಳು ಹೇಳಿದ್ದು ಬೇರೆ. ಒಂದು ‘ಎ’ ಮಾತ್ರ ನಿನ್ನದಾಗಿ ಉಳಿದವು ಚೂಪಾಗಿದ್ದರೆ ಹೊಂದುವುದಿಲ್ಲವಂತೆ. ನಿನ್ನದನ್ನು ಮುಂದಿಟ್ಟುಕೊಂಡು ಮಿಕ್ಕ ಅಕ್ಷರಗಳ ಮುಳ್ಳನ್ನೂ ಒಂದೊಂದಾಗಿ ಮೊಂಡು ಮಾಡುತ್ತಾಳಂತೆ. ಮಾಡಿದಳು ಕೂಡ. ದಸರಾಕ್ಕೆ ಮುಂಚೆ ಮುಗಿಸಿ ರೇಖಾಳ ಫೋನಿಗೆ ಕಳಿಸಿದ್ದಾಳೆ. ಕೆಳಗಿನ ಸಾಲು ಈಗ ಬೇರೆ: ಇದರ ಸಣ್ಣ ‘ಎ’ ರಾಮನಗರದ ಕಮಲ ಅವರದು, ಬೇರೆಲ್ಲಾ ಅಕ್ಷರಗಳು ಅದನ್ನು ನೋಡಿ ತಿದ್ದಿಕೊಂಡಂಥವು. ಅವಳ ಚಿಕ್ಕಪ್ಪನ ಮಗನ ಮದುವೆ ಕಾರ್ಡ್ ಇದರಲ್ಲೇ ಬರುತ್ತದಂತೆ. ಕಂಪ್ಯೂಟರಿನಲ್ಲಿ ಒಂದು ಸಲ ಕೂರಿಸಿದರೆ ಆಯಿತು ಕಮಲಾ, ರಾಮನಗರ ಅಂತ ಸಾವಿರ ಸಲ ಬರೆದರೂ ‘ಎ’ ಮುಗಿಯುವುದಿಲ್ಲ. ಯಾರೂ ಎರಡೆರಡು ಸಲ ತುಳಿಯಬೇಕಾಗಿಲ್ಲ.

ಮೊನ್ನೆ ಆಯುಧಪೂಜೆಯ ಬೆಳಗ್ಗೆ ಮಾತ್ರ ನಾನು ತುಳಿದೆ. ಯಂತ್ರದ ಮೇಲಿನ ಬಟ್ಟೆ ತೆಗೆದು, ಎಣ್ಣೆ ಬಿಟ್ಟು, ದಪ್ಪ ಕೆನೆಬಣ್ಣದ ಒಂದು ಕಾರ್ಡು ಕತ್ತರಿಸಿಕೊಂಡೆ. ಮುಳ್ಳಕ್ಷರದಲ್ಲಿ ನಿನ್ನ ಹೆಸರು ಜೋಡಿಸಿದೆ. ಇಂಗ್ಲಿಷಿನಲ್ಲಿ ಕಮಲ ಅಂದರೆ ಮೂರು ‘ಎ’. ಸೀಸದವು ಪೆಟ್ಟಿಗೆಯ ತುಂಬಾ ಇವೆ. ಮುಟ್ಟಲಿಲ್ಲ. ಇರುವುದು ಒಂದೇ ಕೆಂಪು ‘ಎ’. ಮೊದಲನೆಯ ಜಾಗದಲ್ಲಿ ಕೂರಿಸಿ, ಉಳಿದೆರಡನ್ನು ಖಾಲಿ ಬಿಟ್ಟು ಒಂದು ಸಲ ತುಳಿದೆ. ಕಿತ್ತು ಎರಡನೆಯ ಜಾಗಕ್ಕೆ ಇಟ್ಟು ಇನ್ನೊಂದು ಸಲ. ಮೂರನೆಯದರ ಹೊತ್ತಿಗೆ ಬಲಗಾಲಿನ ಮೀನಖಂಡ ಬಿಗಿದುಕೊಂಡಿತು; ರೇಖಾ, “ನಾನ್ ತುಳಿಲಾ ಅಪ್ಪಾ?” ಎಂದಳು. ಬೇಡ ಎಂದೆ. ಕೊನೆಯ ‘ಎ’ ಕೂದಲೆಳೆಯಷ್ಟು ಓರೆಯಾಗಿದೆ. ಅಷ್ಟು ಇರಲಿ ಬಿಡು.

ಆಮೇಲೆ ಮೊಳೆ ತೊಳೆದೆ. ಕೆಂಪು ಹಾಗೇ ಇದೆ. ಅದನ್ನಿನ್ನು ಅಟ್ಟದ ಮೇಲೆ ಇಡುವುದಿಲ್ಲ. ಯಂತ್ರದ ಪಕ್ಕದ ಗೂಡಿನಲ್ಲಿ, ಕಣ್ಣಿಗೆ ಕಾಣುವ ಹಾಗೆ, ಅದರ ಹನ್ನೆರಡು ಅಕ್ಕಂದಿರ ಜೊತೆ ಇಟ್ಟಿದ್ದೇನೆ. ಕಾರ್ಡಿನ ನಾಲ್ಕು ಮೂಲೆಗೆ ಅರಿಶಿನ ಹಚ್ಚುವುದು ನನಗೆ ಅಭ್ಯಾಸವಿಲ್ಲ, ಒಂದು ಕಡೆ ಹೆಚ್ಚಾಗಿ ಮೆತ್ತಿತು. ನಿನ್ನ ಪಟದ ಮುಂದೆ ಇಟ್ಟು, ಅದೇ ಬೆರಳನ್ನು ನಿನ್ನ ಹೆಸರಿನ ಮೇಲೆ ಒಂದೊಂದಾಗಿ ಇಟ್ಟೆ. ಇದು ನಿನ್ನದು. ಇದು ನಿನ್ನದು. ಓರೆಯಾಗಿರುವ ಇದೂ ನಿನ್ನದೇ ಕಮಲಾ, ಈ ಸಲ ಹೌದು.